ಬೇಡ ಎನ್ನಲು ಬಾರದವಳು

ಅಂಗಡಿಯವರ ಮುಖ ನೋಡಿ 'ಬೇಡ' ಎನ್ನಲು ಬಾರದ ಹೆಂಗಸರಲ್ಲಿ ನಾನೂ ಒಬ್ಬಳು. ಸಾಕ್ಷಿ ಬೇಕೆಂದರೆ ನಮ್ಮ ಮನೆಯ ಬೀರು ತೆರೆದು ನೋಡಬಹುದು. ನನ್ನ ಮೈಬಣ್ಣಕ್ಕೆ ಒಂದಿಷ್ಟೂ ಒಪ್ಪದ ಗಿಳಿಹಸಿರು ಸೀರೆಯೊಂದು, ಯಾವ ಸೀರೆಗೂ ಹೊಂದದ ಏಳು ರವಿಕೆ ಕಣಗಳು, ಅಳತೆಗೆ ಚಿಕ್ಕದಾದ ಒಂದು ಜೊತೆ ಚಪ್ಪಲಿ. 'ಎರಡು ದಿನ ಮೆಟ್ಟಿದ್ರೆ ಬಿಡ್ತದೆ ಅಕ್ಕಾರೆ' ಎಂದು ಕೊಟ್ಟಿದ್ದ. ಹತ್ತು ವರ್ಷವಾಯಿತು, ಅದಿನ್ನೂ ಬಿಟ್ಟಿಲ್ಲ. ಇನ್ನು ಅಡುಗೆಮನೆಯ ಅಟ್ಟದ ಮೇಲಿರುವ ತರಕಾರಿ ಹೆಚ್ಚುವ ಯಂತ್ರದ ವಿಷಯ ಎತ್ತದಿರುವುದೇ ಒಳ್ಳೆಯದು. ಅದನ್ನು ಮಾರಲು ಬಂದ ಟೈ ಕಟ್ಟಿದ ಹುಡುಗ ನಮ್ಮ ಮನೆಯ ಎರಡು ಸೌತೆಕಾಯಿಯನ್ನೇ ಹೆಚ್ಚಿ ತೋರಿಸಿ, ನನ್ನ ಕೈಲೇ ನೀರು ಕುಡಿದು, 'ಇವತ್ತಿನ ಮೊದಲ ಮನೆ ಮೇಡಂ ನಿಮ್ಮದು' ಎಂದ. ಮಧ್ಯಾಹ್ನ ಮೂರು ಗಂಟೆಗೆ ಮೊದಲ ಮನೆ ಹೇಗಾಯಿತು ಎಂದು ನನಗೆ ಹೊಳೆದದ್ದು ಅವನು ಓಣಿಯ ತಿರುವು ದಾಟಿದ ಮೇಲೆ. ನಮ್ಮ ಮನೆಯವರು ಅಂದಿನಿಂದ ನನ್ನನ್ನು ಒಬ್ಬಳನ್ನೇ ಪೇಟೆಗೆ ಕಳಿಸುವಾಗ, 'ಹೋಗು, ಅಂಗಡಿಯವರಿಗೂ ಹಬ್ಬ ಬೇಡವೇ' ಎನ್ನುತ್ತಾರೆ.

ಪೇಟೆಯ ಸೀರೆ ಅಂಗಡಿಯವರ ವಿದ್ಯೆಯೇ ಬೇರೆ ನೋಡಿ. ಒಳಗೆ ಕಾಲಿಟ್ಟ ಕೂಡಲೇ ಕೂರಿಸುತ್ತಾರೆ. ಕೂತವಳು ಅರ್ಧ ಸೋತಂತೆಯೇ. ಆಮೇಲೆ 'ಯಾವ ರೇಂಜಿನಲ್ಲಿ ತೋರಿಸಲಿ ಮೇಡಂ?' ಎಂಬ ಪ್ರಶ್ನೆ. ಆರುನೂರು ಎಂದು ನಾವು ಗಟ್ಟಿಯಾಗಿ ಹೇಳಲಾರೆವು. ಪಕ್ಕದಲ್ಲಿ ಇನ್ನೊಬ್ಬರು ಕೂತಿರುತ್ತಾರಲ್ಲ! 'ಒಂದು ಸಾವಿರದ ಒಳಗೆ' ಎನ್ನುತ್ತೇವೆ. ಅವರು ಹದಿನೈದುನೂರರ ಗಂಟು ಬಿಚ್ಚುತ್ತಾರೆ. ನಾವು ಕಣ್ಣೆತ್ತಿ ನೋಡಿದ್ದೇ ತಡ, ಆ ಸೀರೆ ನಮ್ಮ ಮುಂದೆ ಹರವಿಕೊಂಡು ಬಿದ್ದಿರುತ್ತದೆ. ಸೆರಗು ನಮ್ಮ ಹೆಗಲ ಮೇಲಿರುತ್ತದೆ, ಕನ್ನಡಿ ಎದುರಿಗಿರುತ್ತದೆ. 'ನಿನ್ನೆ ತಾನೆ ಡಾಕ್ಟರಮ್ಮ ಇದೇ ಡಿಸೈನು ಒಯ್ದರು.' ಯಾವ ಡಾಕ್ಟರಮ್ಮ ಎಂದು ಇದುವರೆಗೆ ಯಾರೂ ಕೇಳಿದಂತಿಲ್ಲ. ಇಪ್ಪತ್ತು ಸೀರೆಗಳ ಗುಡ್ಡೆ ಬಿದ್ದ ಮೇಲೆ ಅಷ್ಟನ್ನೂ ಮಡಿಸಬೇಕಾದವರ ಮುಖ ನೋಡಿ ಬರಿಗೈಯಲ್ಲಿ ಏಳುವುದಕ್ಕೆ ಗುಂಡಿಗೆ ಬೇಕು. ಎದ್ದರೂ ಬೆನ್ನ ಹಿಂದೆ ಒಂದು ಮಾತು ಬಂದೇ ಬರುತ್ತದೆ: 'ಟೈಂ ಪಾಸಿಗೆ ಬರ್ತಾರೆ.'

ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಹೊಸದರಲ್ಲಿ ಹೀಗಿರಲಿಲ್ಲ. ಬಟ್ಟೆ ಅಂಗಡಿಯೆಂದರೆ ಬಿಳಿ ಹೊದಿಕೆಯ ಗಾದಿ, ಗೋಡೆಗೆ ಒರಗಿದ ಸಾಹುಕಾರರು, ಮೂಲೆಯಲ್ಲಿ ನೀರಿನ ತಂಬಿಗೆ. ಅವರಿಗೆ ನಮ್ಮ ಮಾವನ ಹೆಸರು ಗೊತ್ತು, ಗದ್ದೆ ಎಷ್ಟು ಎಕರೆ ಎಂದು ಗೊತ್ತು, ಈ ವರ್ಷ ಕೆರೆ ತುಂಬಿದೆಯೋ ಇಲ್ಲವೋ ಅದೂ ಗೊತ್ತು. 'ದುಡ್ಡು ಎಲ್ಲಿ ಹೋಗ್ತದೆ, ಸುಗ್ಗಿಗೆ ಕೊಡ್ರಿ' ಎನ್ನುವರು. ಒತ್ತಾಯವೆಂಬುದೇ ಇರಲಿಲ್ಲ. ಆದರೆ ಅದನ್ನು ನೆನೆದು ನಾನು ತೀರಾ ಕರಗುವುದೂ ಇಲ್ಲ. ಏಕೆಂದರೆ ಆ ಗಾದಿಯ ಮೇಲೆ ನಮ್ಮ ಆಯ್ಕೆಯೂ ಇರಲಿಲ್ಲ. 'ನಿಮ್ಮನೇರು ಇಷ್ಟರೊಳಗೆ ಕೊಡು ಅಂದಾರೆ' ಎಂದು ಮೂರು ಸೀರೆ ಮುಂದಿಟ್ಟರೆ ಅದರಲ್ಲೊಂದು ಎತ್ತಿಕೊಂಡು ಬರಬೇಕು. ಅಂಗಡಿಯವರು ದಬಾಯಿಸುವ ಅಗತ್ಯವಿರಲಿಲ್ಲ, ಆ ಕೆಲಸ ಮನೆಯಲ್ಲೇ ಮುಗಿದಿರುತ್ತಿತ್ತು.

ಮಾರುವವರು ಮನೆಬಾಗಿಲಿಗೆ ಬರುವುದು ನಮ್ಮ ಸೀಮೆಗೆ ಹೊಸದೇನಲ್ಲ. ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವ ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರದ ರಾಜಧಾನಿ. ಅಲ್ಲಿಯ ಹನ್ನೊಂದನೆಯ ಶತಮಾನದ ಶಾಸನವೊಂದರಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವ್ಯಾಪಾರಿಗಳ ವರ್ಣನೆ ಬರುತ್ತದೆ. ಮುತ್ತು ಮಾಣಿಕ್ಯ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನು ರಾಶಿಯಾಗಿಯೂ ಮಾರುತ್ತಿದ್ದರಂತೆ, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುತ್ತಿದ್ದರಂತೆ. ಕೇದಾರೇಶ್ವರ ಗುಡಿಯ ಅಂಗಳದಲ್ಲಿ ನಿಂತಾಗಲೆಲ್ಲ ನನಗೆ ಅನಿಸುವುದುಂಟು: ಅವರೂ ಯಾರದೋ ಜಗುಲಿಯ ಮೇಲೆ ಗಂಟು ಇಳಿಸಿ 'ಬೋಣಿ ಟೈಮು, ಇಲ್ಲ ಅನ್ನಬ್ಯಾಡ್ರಿ' ಎಂದಿರಬಹುದೇ? ಮನೆಯೊಳಗಿನ ಹೆಂಗಸು ನನ್ನಂತೆಯೇ ಕಸ್ತೂರಿಯ ಬದಲು ಮತ್ತೇನನ್ನೋ ಕೊಂಡು ಗಂಡನಿಗೆ ಹೇಳದೆ ಬಚ್ಚಿಟ್ಟಿರಬಹುದೇ?

ಮನೆಗೆ ಬರುವವರಲ್ಲಿ ಬಳೆಗಾರನ ಲೆಕ್ಕ ಮಾತ್ರ ಬೇರೆ. ಅವನಿಗೆ ಬೇಡ ಎಂದವರನ್ನು ನಾನು ಕಾಣೆ. ಕೈ ಹಿಡಿದು ನೋಡಿಯೇ ಅಳತೆ ಹೇಳುತ್ತಾನೆ, ತೊಡಿಸುವಾಗ ಒಡೆದರೆ ನಷ್ಟ ಅವನದೇ. ಸಂತೆಯ ತರಕಾರಿ ಅಜ್ಜಿಯ ಬಾಯಿಯೋ, ದೇವರಿಗೇ ಪ್ರೀತಿ. ಬದನೆಕಾಯಿ ಒತ್ತಿ ನೋಡಿದರೆ 'ಏನವ್ವ, ಕೂಸಿನ ಕೆನ್ನೆ ಹಿಂಡಿದಂಗೆ ಹಿಂಡ್ತೀಯಲ್ಲ, ತಗಳದಿದ್ರೆ ತಗ, ಇಲ್ದಿದ್ರೆ ನಡಿ' ಎನ್ನುತ್ತಾಳೆ. ನಾವೂ ಅಷ್ಟೇ ಗಟ್ಟಿಯಾಗಿ ಒಂದು ಮಾತು ತಿರುಗಿಸಿ, ಎರಡು ರೂಪಾಯಿ ಇಳಿಸಿ, ಕೊನೆಗೆ ಅವಳಿಂದಲೇ ಕೊಸರಿಗೆ ಒಂದೆಸಳು ಕರಿಬೇವು ಹಾಕಿಸಿಕೊಂಡು ಬರುತ್ತೇವೆ. ಅದು ಮನಸ್ಸಿಗೆ ತಾಗುವುದಿಲ್ಲ. ಅವಳು ನಮ್ಮನ್ನು ಬಯ್ದದ್ದು ಬದನೆಕಾಯಿಗಾಗಿ, ನಾವು ಇಂಥವರೆಂದು ಅಲ್ಲ.

ಇಂಥವರೆಂದು ಬಯ್ಯಿಸಿಕೊಂಡ ಒಂದು ದಿನವೂ ಇದೆ. ಅದನ್ನು ಹೇಳಬೇಕೆಂದೇ ಇಷ್ಟು ಸುತ್ತಿದೆ.

1996ರಲ್ಲಿ ನನ್ನ ತಂಗಿಯ ಮದುವೆ. ಧಾರೆ ಸೀರೆ, ಬೀಗರ ಸೀರೆ ಎಲ್ಲ ಗಂಡಸರ ಲೆಕ್ಕದಲ್ಲಿ ಬಂದಿತ್ತು. ಅವ್ವನಿಗೆ ತನ್ನದೇ ದುಡ್ಡಿನಲ್ಲಿ ತನಗೊಂದು ರೇಷ್ಮೆ ಸೀರೆ ತರಬೇಕೆಂಬ ಆಸೆ. ಎರಡು ಎಮ್ಮೆಯ ಹಾಲನ್ನು ಡೇರಿಗೆ ಹಾಕಿ, ಬಟವಾಡೆಯಲ್ಲಿ ಅಷ್ಟಿಷ್ಟು ಉಳಿಸಿ, ಎಲೆಅಡಿಕೆ ಸಂಚಿಯ ಒಳಪದರದಲ್ಲಿ 2,700 ರೂಪಾಯಿ ಕೂಡಿಟ್ಟಿದ್ದಳು. ನಾವಿಬ್ಬರೂ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋಗಿ, ಅಲ್ಲಿಯ ದೊಡ್ಡದೊಂದು ಅಂಗಡಿ ಹೊಕ್ಕೆವು. ಮಳೆ ಬಿದ್ದ ದಿನ. ಅವ್ವನ ಹವಾಯಿ ಚಪ್ಪಲಿಯಿಂದ ಸೀರೆಯ ಹಿಂಬದಿಗೆಲ್ಲ ಕೆಸರು ಸಿಡಿದಿತ್ತು. ಕೌಂಟರಿನಲ್ಲಿದ್ದ ಹುಡುಗನ ಕಣ್ಣು ಮೊದಲು ಹೋದದ್ದು ಅಲ್ಲಿಗೇ.

ಅವ್ವ ಮೇಲಿನ ಸಾಲಿನಲ್ಲಿದ್ದ ನವಿಲುಗರಿ ಬಣ್ಣದ ಸೀರೆ ತೋರಿಸಿ, 'ಅದನ್ನ ತೆಗಿಯಪ್ಪ' ಎಂದಳು. ಅವನು ಕೈಯೆತ್ತಲಿಲ್ಲ. 'ಅದು ನಾಲ್ಕು ಸಾವಿರದ್ದು ಅಮ್ಮಾ, ನಿಮಗಾಗದಲ್ಲ. ಕಾಟನ್ನು ಆ ಕಡೆ ಐತೆ ಹೋಗಿ' ಎಂದು, ನಮ್ಮ ಹಿಂದೆ ಬಂದವರಿಗೆ ಕುರ್ಚಿ ಸರಿಸಿದ.

ನಾನಾದರೂ ಏನಾದರೂ ಹೇಳಬೇಕಿತ್ತು. ಓದಿದವಳು, ಪೇಟೆಯಲ್ಲಿರುವವಳು. ಹೇಳಲಿಲ್ಲ. ಅವ್ವನ ಮೊಳಕೈ ಹಿಡಿದು 'ಬಾ ಅವ್ವ, ಬೇರೆ ಕಡೆ ನೋಡೋಣ' ಎಂದೆ. ಅವ್ವ ಕದಲಲಿಲ್ಲ. 'ಕಟ್ಟು' ಎಂದಳು ಅವನಿಗೆ. ಬಿಚ್ಚಿ ನೋಡಲಿಲ್ಲ, ಸೆರಗು ಹೇಗಿದೆ ಎಂದು ಕೇಳಲಿಲ್ಲ, ಒಂದು ರೂಪಾಯಿ ಚೌಕಾಸಿಯನ್ನೂ ಮಾಡಲಿಲ್ಲ. ಸಂತೆಯಲ್ಲಿ ನಾಲ್ಕಾಣೆಗೆ ಜಗಳ ಕಾಯುವ ನಮ್ಮವ್ವ! ಸಂಚಿಯ ದುಡ್ಡಿಗೆ, ಪಾತ್ರೆ ತರಲೆಂದು ಅಪ್ಪ ನನ್ನ ಕೈಗೆ ಕೊಟ್ಟದ್ದನ್ನು ಸೇರಿಸಿ ನಾಲ್ಕು ಸಾವಿರ ಎಣಿಸಿದೆವು. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಪಾತ್ರೆಯ ದುಡ್ಡಿನ ವಿಷಯಕ್ಕೆ ಅಪ್ಪ ಕೂಗಾಡಿದ್ದು, ಮದುವೆಯ ಮನೆಯಲ್ಲಿ ಅದೊಂದು ಮುಸುಕಿನ ಜಗಳವಾದದ್ದು ಎಲ್ಲ ಆಯಿತು. ಅವ್ವ ಆ ಸೀರೆಯನ್ನು ಮದುವೆಯ ದಿನ ಉಡಲಿಲ್ಲ, ಆಮೇಲೂ ಉಡಲಿಲ್ಲ. ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿಯೇ ಇದೆ. ಮಡಿಕೆಗಳಲ್ಲಿ ಜರಿ ಬಿರಿದು ಗೆರೆ ಬಿದ್ದಿದೆ.

1986ರಲ್ಲೇ ಗ್ರಾಹಕರ ರಕ್ಷಣೆಗೆಂದು ಕಾಯಿದೆ ಬಂದಿತ್ತು ಎಂಬುದು ಆಮೇಲೆ ನನಗೆ ತಿಳಿಯಿತು. ಅದರ ಜಾಗಕ್ಕೆ ಬಂದ 2019ರ ಕಾಯಿದೆ 2020ರ ಜುಲೈನಿಂದ ಜಾರಿಯಲ್ಲಿದೆ. ಬಿಲ್ಲು ಕೊಡದಿರುವುದು ತಪ್ಪು. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳಿರದಿದ್ದರೆ ಮೂವತ್ತು ದಿನದೊಳಗೆ, ವಾಪಸು ತೆಗೆದುಕೊಳ್ಳಲು ಒಪ್ಪದಿರುವುದೂ ತಪ್ಪು. 'ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ' ಎಂಬ ಬೋರ್ಡು ನೋಡಿ ಹೆದರುವವರು ಇದನ್ನು ತಿಳಿದಿರುವುದು ಒಳ್ಳೆಯದು. ಆದರೆ ಅವ್ವ ಕೊಂಡ ಸೀರೆಯಲ್ಲಿ ದೋಷವೇನಿರಲಿಲ್ಲವಲ್ಲ.

ಆ ಹುಡುಗನ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಈಗ ಇಲ್ಲವೆಂದು ಹೇಳಲಾರೆ. ಆದರೆ ನಮ್ಮ ಓಣಿಯ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ ಊರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೆ ಕೌಂಟರಿನ ಆಚೆ ಬದಿಯ ಸುದ್ದಿಯೂ ನನಗೆ ಬರತೊಡಗಿತು. ಬೆಳಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಎಂಟೂವರೆಯವರೆಗೆ ನಿಲ್ಲಬೇಕು. ಗಿರಾಕಿಗಳಿಲ್ಲದಾಗಲೂ ಕೂರುವಂತಿಲ್ಲ, ಕೂತರೆ ಅಂಗಡಿಗೆ ಕಳೆ ಇರುವುದಿಲ್ಲವಂತೆ. ಬಂದವರು ಬರಿಗೈಯಲ್ಲಿ ಹೋದರೆ 'ಯಾಕೆ ಹೋದ್ರು?' ಎಂದು ಗಲ್ಲಾದಿಂದ ಕೂಗು. ದಿನಕ್ಕೆ ಮೂರು ಸಲ ಹಾಗಾದರೆ ನಾಳೆಯಿಂದ ಬರಬೇಡ ಎಂಬ ಮಾತು. 'ಚಪ್ಪಲಿ ನೋಡಿ ಮಾಲು ತೆಗೆಯೋಕೆ ಮೊದಲನೇ ದಿನವೇ ಹೇಳಿಕೊಟ್ರು ಆಂಟಿ' ಎಂದಳು ಒಂದು ದಿನ, ನಮ್ಮ ಜಗುಲಿಯ ಮೇಲೆ ಕೂತು ಬಾತ ಪಾದ ಒತ್ತಿಕೊಳ್ಳುತ್ತ. ನನಗೆ ಎದೆ ಝಲ್ಲೆಂದಿತು. ಆ ಹುಡುಗನಿಗೂ ಯಾರೋ ಹೇಳಿಕೊಟ್ಟಿದ್ದರೇ?

ಕೇರಳದಲ್ಲಿ ಇದಕ್ಕಾಗಿ ಒಂದು ಹೋರಾಟವೇ ನಡೆಯಿತು. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರು, ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಎಂಬವರ ಮುಂದಾಳತ್ವದಲ್ಲಿ, ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರುವ ಹಕ್ಕು ಕೇಳಿದರು. ಅವರ ಸಂಘಟನೆಯ ಹೆಸರು ಪೆಣ್‌ಕೂಟ್ಟು. 2018ರಲ್ಲಿ ಅಲ್ಲಿಯ ಸರಕಾರ ಅಂಗಡಿಗಳ ಕಾಯಿದೆ ತಿದ್ದಿ, ಕೆಲಸದವರಿಗೆ ಕೂರಲು ಜಾಗ ಕೊಡಬೇಕೆಂದು ಬರೆಯಿತು. 2021ರಲ್ಲಿ ತಮಿಳುನಾಡೂ ಹಾಗೆ ಮಾಡಿತು. ಕುರ್ಚಿ ಹಾಕಿ ಎಂದು ಹೇಳಲು ಕಾಯಿದೆ ಬೇಕಾಯಿತೇ ಎಂದು ಓದಿ ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಸೀರೆ ಕೊಂಡವಳು ನಾನು, ಎದುರಿಗಿದ್ದವರು ನಿಂತೇ ಇದ್ದಾರೆಂಬುದು ಕಣ್ಣಿಗೆ ಬಿದ್ದಿರಲಿಲ್ಲ. ಹುಡುಗಿಗೆ ಈ ಸುದ್ದಿ ಹೇಳಿದರೆ ನಕ್ಕುಬಿಟ್ಟಳು. 'ಕುಂತ್ರೆ ಮೇಲಿನ ಸೀರೆ ಯಾರು ತೆಗೀತಾರೆ ಆಂಟಿ?'

ಹೋದ ವರ್ಷ ಮೊಮ್ಮಗಳ ಮದುವೆಗೆ ಅವ್ವ ಊರಿನಿಂದ ಬಂದಳು. ಎಂಬತ್ತು ದಾಟಿದೆ, ಕೋಲು ಹಿಡಿದಿದ್ದಾಳೆ. ಅವಳಿಗೊಂದು ನೂಲಿನ ಸೀರೆ ಬೇಕಿತ್ತು. ನನ್ನ ಮಗಳು ಫೋನಿನಲ್ಲೇ ಹತ್ತು ಸೀರೆ ತೋರಿಸಿ, ಹೆಬ್ಬೆರಳಿನಿಂದ ಒಂದೊಂದನ್ನೇ ತಳ್ಳುತ್ತ 'ಬೇಡವಾ? ಸರಿ, ಇದು?' ಎಂದಳು. ಬೇಡ ಎನ್ನುವುದು ಅವಳಿಗೆ ಎಷ್ಟು ಸಲೀಸು! ಅವ್ವ ಮಾತ್ರ 'ಮುಟ್ಟಿ ನೋಡದಂಗೆ ಎಂಥ ಸೀರೆ' ಎಂದು ಎದ್ದಳು. ಓಣಿಯ ಹುಡುಗಿ ಇರುವ ಅಂಗಡಿಗೇ ಕರೆದುಕೊಂಡು ಹೋದೆ.

ಅವ್ವ ಬೆಂಚಿನ ಮೇಲೆ ಕೂತವಳೇ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, 'ಕೂತ್ಕಳೆ ತಂಗಿ, ಎಷ್ಟೊತ್ತಿಂದ ನಿಂತೀಯ' ಎಂದಳು. ಹುಡುಗಿ ಗಲ್ಲಾದ ಕಡೆ ನೋಡಿದಳು. ಅವ್ವನೂ ಅತ್ತ ತಿರುಗಿ, ಗಟ್ಟಿಯಾಗಿ, 'ನಂಗೆ ಕಿವಿ ಕೇಳಲ್ಲಪ್ಪ, ಹತ್ರ ಕುಂತು ರೇಟು ಹೇಳ್ಲಿ' ಎಂದಳು. ಅವ್ವನ ಕಿವಿ ನಮ್ಮೆಲ್ಲರ ಕಿವಿಗಿಂತ ಚುರುಕು. ಆತ ಏನೂ ಹೇಳಲಿಲ್ಲ. ಹುಡುಗಿ ಬೆಂಚಿನ ತುದಿಗೆ ಕೂತಳು. ಆಮೇಲೆ ಅವ್ವ ಕೌಂಟರಿನ ಮೇಲಿದ್ದ ನೂಲಿನ ಸೀರೆಗಳನ್ನೆಲ್ಲ ಒಂದೊಂದಾಗಿ ಬೆರಳಿನಲ್ಲಿ ಹೊಸಕಿ, ಅಂಚು ನೋಡಿ, 'ಆಂ? ಎಷ್ಟಂದೆ?' ಎಂದು ಪ್ರತಿಯೊಂದಕ್ಕೂ ಎರಡೆರಡು ಸಲ ಕೇಳಿ, ಮುಕ್ಕಾಲು ಗಂಟೆ ಕಳೆದಳು. ಕೊನೆಗೆ ಏಳುನೂರರ ಒಂದು ಸೀರೆ ಆರಿಸಿ, ಐವತ್ತು ರೂಪಾಯಿ ಇಳಿಸಿ, ದುಡ್ಡು ಎಣಿಸಿದಳು.

ಏಳುವ ಹೊತ್ತಿಗೆ ಅವಳ ಕಣ್ಣು ಮೇಲಿನ ಸಾಲಿಗೆ ಹೋಯಿತು. ಅಲ್ಲೊಂದು ರೇಷ್ಮೆ ಸೀರೆ ಇತ್ತು, ನವಿಲುಗರಿ ಬಣ್ಣದ್ದೇ. ಅವ್ವ ಕೋಲಿನ ತುದಿಯಲ್ಲಿ ತೋರಿಸಿದಳು. ಹುಡುಗಿ ಬೆಲೆ ಹೇಳಲಿಲ್ಲ. ಸ್ಟೂಲು ಹತ್ತಿ ತೆಗೆದು ತಂದು, ಪೂರ್ತಿ ಬಿಚ್ಚಿ ಅವ್ವನ ತೊಡೆಯ ಮೇಲೆ ಹರವಿದಳು. ಅವ್ವ ಅಂಚಿನ ಮೇಲೆ ಕೈಯಾಡಿಸಿದಳು, ಸೆರಗು ತಿರುವಿ ಹಿಂಬದಿಯ ನೂಲು ನೋಡಿದಳು, ಬೆಳಕಿಗೆ ಹಿಡಿದಳು. ನಾನು ಪರ್ಸಿಗೆ ಕೈ ಹಾಕಿದ್ದೆ.

'ಬ್ಯಾಡ, ಮಡಿಚಿಡು ತಂಗಿ' ಎಂದಳು ಅವ್ವ. 'ಇಂಥದ್ದು ನನ್ನತ್ರ ಐತೆ.'