ನಡುವಿನ ಅಕ್ಷರ

ನಮ್ಮ ತಾಯಿಗೆ ಈಗ ನನ್ನ ಮುಖದ ಅಂಚು ಮಾತ್ರ ಕಾಣುತ್ತದೆ, ನಡುವೆಲ್ಲ ಮಸುಕು. ಪತ್ರಿಕೆ ಹಿಡಿದರೆ ಪದದ ನಡುವಿನ ಅಕ್ಷರವೇ ಮಾಯವಾಗುತ್ತದೆ. "ವಯಸ್ಸಿನ ಕಾಯಿಲೆ. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ" ಎಂದರು ವೈದ್ಯರು. "ಕನ್ನಡಕ ಬದಲಿಸಿದರೆ ಆಗದೇನಪ್ಪ?" ಎಂದು ಅಮ್ಮ ಕೇಳಿದಳು. ನಾನು ಉತ್ತರ ಹೇಳಲಾರದೆ ಹೋದೆ.

ಕನ್ನಡದ ಮೇಷ್ಟರಾದ ನಾನು ಅಂದಿನಿಂದ ವಿಜ್ಞಾನ ಓದತೊಡಗಿದೆ. ಅಕ್ಷಿಪಟಲದಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆಯಂತೆ. ಸತ್ತ ಕೋಶಗಳನ್ನು ಗುಡಿಸುವುದು ಅವುಗಳ ಕೆಲಸ. ಕಸ ಹೆಚ್ಚಿದರೆ ಅವು ಕೆರಳಿ, ಉರಿಯೂತ ಹಬ್ಬಿಸಿ, ಬದುಕಿರುವ ಕೋಶಗಳನ್ನೂ ಕೊಲ್ಲಬಲ್ಲವು. ಕಾವಲುಗಾರನೇ ಮನೆಗೆ ಕೊಳ್ಳಿ ಇಟ್ಟ ಹಾಗೆ!

ಇವುಗಳಿಗೊಂದು ಲಗಾಮು ಮೈಕ್ರೋಆರ್‌ಎನ್‌ಎ. ಸುಮಾರು 22 ಅಕ್ಷರಗಳ ಚೀಟಿ ಅದು. ಉತ್ತರಪತ್ರಿಕೆಯ ಸಾಲಿಗೆ ನಾನು ಕೆಂಪು ಅಡ್ಡಗೀಟು ಎಳೆಯುವಂತೆ, ಅದು ಜೀನಿನ ಸಂದೇಶಕ್ಕೆ ಅಂಟಿಕೊಂಡು, ಆ ಸಂದೇಶ ಪ್ರೋಟೀನ್ ಆಗದಂತೆ ತಡೆಯುತ್ತದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್‌ಕನ್ ಇದನ್ನು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ನೊಬೆಲ್ ಬಂದದ್ದು 2024ರಲ್ಲಿ. 146ಎ ಎಂಬ ಚೀಟಿ ಉರಿಯ ಆಜ್ಞೆಗಳನ್ನು ಹೊಡೆದುಹಾಕುತ್ತದೆ. 155 ಎಂಬುದು ಉರಿ ಆರಿಸುವ ಆಜ್ಞೆಗಳನ್ನೇ ಹೊಡೆದುಹಾಕಿ ಬೆಂಕಿಗೆ ಗಾಳಿ ಹಾಕುತ್ತದೆ. ಗೀಟು ಒಂದೇ, ಯಾವ ಸಾಲಿನ ಮೇಲೆ ಎಂಬುದೇ ಪ್ರಶ್ನೆ.

ಅಮ್ಮನ ಕಾಯಿಲೆಗೆ ಈ ಅರಿವು ಇನ್ನೂ ಔಷಧವಾಗಿ ಬಂದಿಲ್ಲ. ನಿನ್ನೆ ಅವಳಿಗೆ ಇದನ್ನೆಲ್ಲ ವಿವರಿಸಿದೆ. ನಕ್ಕು, "ಅಷ್ಟು ಸಣ್ಣದೆಲ್ಲ ನಿನಗೆ ಕಂಡಿತಲ್ಲ, ಈ ಸಾಲು ಓದು" ಎಂದು ಪತ್ರಿಕೆ ಮುಂದೆ ಹಿಡಿದಳು.

ಓದಿದೆ, ನಡುವಿನ ಅಕ್ಷರ ಬಿಡದೆ.