ಗಾಡಿ ಕುಡಿಯುವ ನೀರು

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಇಳಿದಾಗಲೆಲ್ಲ ನನಗೆ ದೊಡ್ಡಪ್ಪನ ಜೀಪು ನೆನಪಾಗುತ್ತದೆ. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಆ ಹಳೆಯ ಡೀಸೆಲ್ ಜೀಪು ಅರ್ಧ ದಾರಿಗೇ ಏದುಸಿರು ಬಿಡುತ್ತಿತ್ತು. ಬಾನೆಟ್ಟಿನ ಸಂದಿಯಲ್ಲಿ ಮೊದಲು ಒಂದೆಳೆ ಹಬೆ, ಆಮೇಲೆ ಬಚ್ಚಲ ಹಂಡೆ ಕುದಿಯುವಂಥ ಸದ್ದು. ದೊಡ್ಡಪ್ಪ ಗಾಬರಿಯಾದದ್ದನ್ನು ನಾನು ಕಾಣೆ. ಝರಿ ಇಳಿಯುವ ಜಾಗ ನೋಡಿ ಗಾಡಿಯನ್ನು ಬದಿಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ ನಿಲ್ಲಿಸಿ, ಕವಳದ ಸಂಚಿ ಬಿಚ್ಚುತ್ತಿದ್ದರು.

“ದೊಡ್ಡಪ್ಪ, ನೀರು ತರ್ಲಾ?”

“ತಾ. ಮುಚ್ಚಳ ಮಾತ್ರ ಮುಟ್ಬೇಡ ಮಾರಾಯಾ. ಎರಡು ಕವಳ ಆಗ್ಲಿ.”

ಎರಡು ಕವಳ ಅಂದರೆ ಅರ್ಧ ಗಂಟೆ. ಅದಾದ ಮೇಲೆ ಒದ್ದೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ರೇಡಿಯೇಟರ್ ಮುಚ್ಚಳದ ಮೇಲಿಟ್ಟು, ಮುಖ ಆಚೆ ಮಾಡಿ ಕಾಲು ಸುತ್ತು ತಿರುಗಿಸುತ್ತಿದ್ದರು. ಉಳಿದ ಹಬೆ ಉಸ್ಸೆಂದು ಹೋದ ಮೇಲೆಯೇ ಮುಚ್ಚಳ ಪೂರ್ತಿ ತೆಗೆಯುವುದು. ಎಂಜಿನ್ ಚಾಲೂ ಮಾಡಿಟ್ಟು, ಮಗುವಿಗೆ ಒಳಲೆಯಲ್ಲಿ ಹಾಲು ಹಾಕಿದ ಹಾಗೆ ಝರಿಯ ನೀರನ್ನು ಸಣ್ಣಗೆ ಹುಯ್ಯುತ್ತಿದ್ದರು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಒಮ್ಮೆಲೇ ಬಿದ್ದರೆ ಬಿರುಕು ಬಿಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಆ ಉಸ್ಸೆನ್ನುವ ಸದ್ದು ನಮ್ಮ ಮನೆಯ ಕುಕ್ಕರಿನದೇ ಎಂದು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು. ಬಯಲಿನಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಕುಕ್ಕರಿನ ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಹಿಡಿದುಕೊಳ್ಳುತ್ತದೆ. ವಿಷಲ್‌ನ ತೂಕ ಅಲ್ಲಿ ಮಾಡುವ ಕೆಲಸವನ್ನು ರೇಡಿಯೇಟರಿನ ಮುಚ್ಚಳದೊಳಗೆ ಒಂದು ಸ್ಪ್ರಿಂಗ್ ಮಾಡುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು, ಒಳಗಿನ ನೀರೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಪ್ರೆಷರ್ ಇಳಿಯದೆ ಕುಕ್ಕರ್ ತೆಗೆಯುವ ಗೃಹಿಣಿಯನ್ನು ನಾನು ನೋಡಿಲ್ಲ. ಹೆದ್ದಾರಿಯ ಬದಿಯಲ್ಲಿ ಕರವಸ್ತ್ರ ಸುತ್ತಿ ಆ ಮುಚ್ಚಳ ತಿರುಗಿಸುವವರನ್ನು ಎಷ್ಟೋ ಸಲ ನೋಡಿದ್ದೇನೆ, ಕೂಗಿ ತಡೆದಿದ್ದೇನೆ.

ಗಾಡಿಗೆ ದಾರಿಯುದ್ದ ನೀರು ಹೊರುವ ಕೆಲಸ ಮೋಟಾರು ಗಾಡಿಯಷ್ಟೇ ಹಳೆಯದು. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಅವರು ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೂರು ಗಾಲಿಯ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ತಮ್ಮ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿಲೋಮೀಟರಿನಷ್ಟು ದಾರಿ. ಆ ಗಾಡಿಗೆ ರೇಡಿಯೇಟರೇ ಇರಲಿಲ್ಲ. ನೀರು ಕುದಿದು ಆವಿಯಾಗಿ ಹೋಗುವುದೇ ಎಂಜಿನ್ ತಣಿಸುವ ಉಪಾಯ. ಹಾಗಾಗಿ ಸಿಕ್ಕ ಕಡೆಯೆಲ್ಲ ನೀರು ತುಂಬಿಸಿಕೊಳ್ಳುತ್ತ ಆ ತಾಯಿ ಮಕ್ಕಳು ಊರು ಮುಟ್ಟಿದರು. ಮುಂದೆ ವಿಲ್ಹೆಲ್ಮ್ ಮೇಬಾಕ್ ಅವರು 1901ರ ಮರ್ಸಿಡಿಸ್‌ಗಾಗಿ 8,070 ಸಣ್ಣ ಕೊಳವೆಗಳನ್ನು ಜೇನುಹಲ್ಲೆಯಂತೆ ಜೋಡಿಸಿ ರೇಡಿಯೇಟರ್ ಮಾಡಿದರು. ಅದೇ ನೀರು ಮತ್ತೆ ಮತ್ತೆ ಸುತ್ತಿಬರುವ ವ್ಯವಸ್ಥೆ ಗಟ್ಟಿಯಾಗಿ ನಿಂತದ್ದು ಆಗ. ನನ್ನ ಮಟ್ಟಿಗೆ ಕಾರಿನ ಚರಿತ್ರೆಯಲ್ಲಿ ಅದು ಎಂಜಿನ್ನಿನಷ್ಟೇ ದೊಡ್ಡ ಸಾಧನೆ.

ದೊಡ್ಡಪ್ಪನ ಜೀಪು ಕೊನೆಯವರೆಗೂ ಬರೀ ನೀರಿನಲ್ಲೇ ಓಡಿತು. ಆ ನೀರು ಮಲೆನಾಡಿನ ಝರಿಯದು, ಮಳೆನೀರಿನಷ್ಟು ಮೆದು. ಎಂಜಿನ್ ದಪ್ಪ ಕಬ್ಬಿಣದ್ದು, ರೇಡಿಯೇಟರ್ ತಾಮ್ರ ಹಿತ್ತಾಳೆಯದು. ವರ್ಷಕ್ಕೊಮ್ಮೆ ಖಾಲಿ ಮಾಡಿದಾಗ ಕೆಮ್ಮಣ್ಣಿನ ಬಣ್ಣದ ತುಕ್ಕುನೀರು ಇಳಿಯುತ್ತಿತ್ತು ನಿಜ, ಆದರೆ ಅಷ್ಟು ತುಕ್ಕು ತಿಂದರೂ ತಾಳುವಷ್ಟು ಲೋಹ ಅದರಲ್ಲಿತ್ತು.

ಕೆಲಸ ನನ್ನನ್ನು ಚಿತ್ರದುರ್ಗಕ್ಕೆ ಕರೆದೊಯ್ದಾಗ ದೊಡ್ಡಪ್ಪನ ಅಭ್ಯಾಸವೂ ನನ್ನ ಜೊತೆಗೆ ಬಂತು. ಕಾರಿನ ರೇಡಿಯೇಟರಿಗೆ ಸೇರಿದ ಡಬ್ಬಿಯಲ್ಲಿ ನೀರಿನ ಮಟ್ಟ ಇಳಿದಾಗಲೆಲ್ಲ ಅಂಗಳದ ನಲ್ಲಿಯಿಂದ ಒಂದು ಚೊಂಬು ಬೋರ್ ನೀರು ಹುಯ್ದೆ. ಅದೇ ನೀರಿನಲ್ಲಿ ಅಡುಗೆಮನೆಯ ಬೇಳೆ ಬೇಯದೆ ಹೆಂಡತಿ ಗೊಣಗುತ್ತಿದ್ದಳು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಪಾತ್ರೆಯ ತಳದಲ್ಲಿ ಆಗುವುದು ಎಂಜಿನ್ನಿನ ಒಳಗೋಡೆಯಲ್ಲೂ ಆಗುತ್ತದೆ ಎಂದು ನಾನು ಯೋಚಿಸಲಿಲ್ಲ. ಎರಡು ಬೇಸಿಗೆ ಕಳೆದ ಮೇಲೆ ಹಿರಿಯೂರು ದಾಟುವಷ್ಟರಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಏಸಿ ನಿಲ್ಲಿಸಿ ಗಾಡಿ ಬದಿಗೆ ಹಾಕುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಗ್ಯಾರೇಜಿನ ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬಿಚ್ಚಿದ ರೇಡಿಯೇಟರಿನ ಕೊಳವೆಗಳಲ್ಲಿ ಅರ್ಧದಷ್ಟು ಸುಣ್ಣದಂಥ ಪುಡಿ ಕಟ್ಟಿ ಮುಚ್ಚಿಹೋಗಿದ್ದವು.

“ಸಾರ್, ನೀವು ಕುಡಿಯೋಕೆ ಫಿಲ್ಟರ್ ನೀರು ತರ್ತೀರಿ. ಇದಕ್ಕೆ ಯಾಕೆ ಈ ನೀರು ಹಾಕ್ತೀರಿ?” ಎಂದರು ಅವರು, ಬೇಸರದಿಂದಲೇ.

ಹೆಡ್ ಬೆಂಡ್ ತೆಗೆಸಿ ಫೇಸಿಂಗ್ ಮಾಡಿಸಿ ಗಾಡಿ ಕೈಗೆ ಬರಲು ಎಂಟು ದಿನ ಹಿಡಿಯಿತು. ಕೂಲೆಂಟ್ ಬಗ್ಗೆ ನಾನು ಓದಿ ಕೇಳಿ ತಿಳಿದುಕೊಂಡದ್ದೆಲ್ಲ ಆ ಎಂಟು ದಿನದ ಈಚೆಗೆ.

ಕೂಲೆಂಟ್ ಎಂದರೆ ತಂಪು ಮಾಡುವ ಔಷಧ ಎಂದು ಹಲವರ ನಂಬಿಕೆ. ಶಾಖ ಹೊರುವುದರಲ್ಲಿ ಅದು ಬರೀ ನೀರನ್ನು ಮೀರಿಸುವುದಿಲ್ಲ. ಉರಿದ ಇಂಧನದ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ಹೊತ್ತು ಹೊರಹಾಕುವ ಕೂಲಿ ನೀರೇ. ಆದರೆ ನೀರಿಗೆ ಎರಡು ದೋಷ: ಬೇಗ ಕುದಿಯುತ್ತದೆ, ಲೋಹವನ್ನು ತಿನ್ನುತ್ತದೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ನೀರಿಗೆ ಅರ್ಧಕ್ಕರ್ಧ ಬೆರೆತಾಗ ಕುದಿಯುವ ಬಿಂದು 107 ಡಿಗ್ರಿಯ ಹತ್ತಿರ ಹೋಗುತ್ತದೆ, ಮುಚ್ಚಳದ ಒತ್ತಡ ಸೇರಿದರೆ 125 ದಾಟುತ್ತದೆ. ಹೆಪ್ಪುಗಟ್ಟುವ ಬಿಂದು ಮೈನಸ್ 37ಕ್ಕೆ ಇಳಿಯುತ್ತದೆ. ಈ ಕಡೆಯ ಲೆಕ್ಕ ನಮ್ಮವರಲ್ಲಿ ಲೇಹ್‌ಗೆ ಹೋಗಿಬರುವವರಿಗೆ ಬೇಕಾದದ್ದು. ಉಳಿದ ನಮಗೆ ಬೇಕಾದದ್ದು ಮೂರನೆಯದು, ತುಕ್ಕು ತಡೆಯುವ ಲವಣಗಳು. ಅಲ್ಯುಮಿನಿಯಂ ಹೆಡ್ಡು, ಕಾಗದದಷ್ಟು ತೆಳುವಾದ ಕೊಳವೆಗಳಿರುವ ಇಂದಿನ ಗಾಡಿ ಅವಿಲ್ಲದೆ ಬಾಳುವುದಿಲ್ಲ. “ನಮ್ಮೂರಲ್ಲಿ ಹಿಮ ಬೀಳಲ್ಲ, ಕೂಲೆಂಟ್ ಯಾಕೆ?” ಎಂಬುದು ಹಾಗಾಗಿ ತಪ್ಪು ಪ್ರಶ್ನೆ.

ಅರ್ಧಕ್ಕರ್ಧ ಒಳ್ಳೆಯದಾದರೆ ಪೂರ್ತಿ ಗ್ಲೈಕಾಲ್ ಇನ್ನೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ನೀರಿಲ್ಲದ ಗ್ಲೈಕಾಲ್ ಶಾಖ ಹೊರುವುದರಲ್ಲಿ ಸೋಮಾರಿ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಬೆರೆಸಿಯೇ ಕೊಟ್ಟದ್ದನ್ನು ಹಾಗೆಯೇ ಹುಯ್ಯಬೇಕು, ಗಟ್ಟಿಯಾದದ್ದಕ್ಕೆ ಡಬ್ಬಿಯಲ್ಲಿ ಹೇಳಿದಷ್ಟು ಡಿಸ್ಟಿಲ್ಡ್ ವಾಟರ್ ಸೇರಿಸಬೇಕು. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಅದೇ. ಆಸಿಡ್ ಅಲ್ಲ, ಕೇಳಿ ತನ್ನಿ.

ಇನ್ನು ಬಣ್ಣ. ಹಸಿರು, ಕೆಂಪು, ಗುಲಾಬಿ, ನೀಲಿ. “ಹಸಿರಿದ್ದರೆ ಹಸಿರು ಹಾಕಿ” ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಈಗಲೂ ಕೇಳುತ್ತೇನೆ. ಅದು ತಯಾರಕರು ಬೆರೆಸಿದ ಬರೀ ಬಣ್ಣ. ಸೋರಿದರೆ ಕಣ್ಣಿಗೆ ಬೀಳಲಿ ಎಂಬುದಕ್ಕಷ್ಟೇ ಅದನ್ನು ನಂಬಬಹುದು. ಒಳಗಿನ ಗುಣ ಬೇರೆಯೇ. ಹಳೆಯ ಕಾಲದ ಲವಣಗಳದು ಸುಮಾರು ಎರಡು ವರ್ಷದ ಆಯಸ್ಸು, ಸಾವಯವ ಆಮ್ಲದ್ದಕ್ಕೆ ಐದು ವರ್ಷದ ಆಸುಪಾಸು, ಎರಡೂ ಕೂಡಿದ ಮಿಶ್ರ ಜಾತಿಯೂ ಉಂಟು. ಒಂದರೊಳಗೊಂದು ಸೇರಿಸಿದರೆ ರಕ್ಷಣೆ ಕುಂದುತ್ತದೆ; ಕೆಲವು ಸಲ ರಾಗಿ ಅಂಬಲಿಯಂತೆ ಗಟ್ಟಿಯಾಗಿ ಕೊಳವೆ ಕಟ್ಟುತ್ತದೆ.

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಯುರೋಪಿನ ಬಹಳ ಕಡೆ ನೀರು ಗಡಸು. ಫಾಸ್ಫೇಟ್ ಗಡಸು ನೀರಿನ ಜೊತೆ ಸೇರಿ ಹಕ್ಕಳೆ ಕಟ್ಟುತ್ತದೆಂದು ಅಲ್ಲಿನ ಕಾರು ಕಂಪನಿಗಳು ಅದನ್ನು ದೂರವಿಟ್ಟು ಸಿಲಿಕೇಟ್ ಹಿಡಿದವು. ಜಪಾನಿನವರು ಸಿಲಿಕೇಟ್ ಪಂಪಿನ ಸೀಲ್ ಸವೆಸುತ್ತದೆಂದು ಬಿಟ್ಟು ಫಾಸ್ಫೇಟ್ ಹಿಡಿದರು. ಒಂದೊಂದು ಕೂಲೆಂಟಿನ ಹಿಂದೆಯೂ ಒಂದೊಂದು ದೇಶದ ನೀರಿನ, ಅಲ್ಲಿನ ಎಂಜಿನಿಯರುಗಳ ಅನುಭವವಿದೆ. ಝರಿಯ ನೀರು ನಂಬಿದ್ದ ದೊಡ್ಡಪ್ಪ ತಪ್ಪಿರಲಿಲ್ಲ, ಅವರ ಅಭ್ಯಾಸವನ್ನು ಬೋರ್‌ವೆಲ್ಲಿನ ಊರಿಗೆ ತಂದ ನಾನು ತಪ್ಪಿದ್ದೆ. ಆದ್ದರಿಂದ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ಬಗೆ ಎಂದು ಬರೆದಿದೆಯೋ ಅದನ್ನೇ ತರಬೇಕು. ಡಬ್ಬಿಯ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣಕ್ಷರ ಓದಬೇಕು.

ನೋಡಿಕೊಳ್ಳುವುದು ಕಷ್ಟವಲ್ಲ. ಗಾಡಿಯಲ್ಲಿರುವ ಡಬ್ಬಿಯ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಮುಚ್ಚಿದ ವ್ಯವಸ್ಥೆ ಅದು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಚೊಂಬು ಹಿಡಿಯುವ ಮೊದಲು ಸೋರುವ ಜಾಗ ಹುಡುಕಬೇಕಿತ್ತು ನಾನು. ಮುಳ್ಳನ್ನೂ ಪೂರ್ತಿ ನಂಬಬಾರದು: ನೀರೆಲ್ಲ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ನಿಂತು ಸುಳ್ಳು ಹೇಳಬಹುದು. “ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಡೋಣ” ಎನ್ನುವವರ ಮಾತಿಗೆ ಒಪ್ಪಬೇಡಿ. 80–90 ಡಿಗ್ರಿಯ ನಡುವೆ ಬಾಯಿ ತೆರೆಯುವ ಆ ಸಣ್ಣ ಕವಾಟ ಎಂಜಿನ್ನಿಗೆ ಬೇಕಾದ ಹದ ಕಾಯುತ್ತದೆ. ಅದಿಲ್ಲದ ಎಂಜಿನ್ ಹದಕ್ಕೆ ಬರಲು ತಡಮಾಡಿ ಹೆಚ್ಚು ಎಣ್ಣೆ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಹಳೆಯ ಕೂಲೆಂಟನ್ನು ಮಾತ್ರ ದಯವಿಟ್ಟು ಚರಂಡಿಗೆ, ರಸ್ತೆಗೆ ಬಿಡಬೇಡಿ. ಗ್ಲೈಕಾಲ್ ಸಿಹಿಯಾದ ವಿಷ. ಬೀದಿನಾಯಿ, ಬೆಕ್ಕು ರುಚಿಗೆ ನೆಕ್ಕುತ್ತವೆ. ಸ್ವಲ್ಪವೇ ಸಾಕು, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅಷ್ಟೇ ಅಪಾಯ. ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಸರ್ವೀಸ್ ಸೆಂಟರಿಗೆ ಕೊಡಿ.

ನನ್ನ ಕಾರಿನ ಬಾನೆಟ್ಟಿನ ಒಳಮೈಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ. ಯಾವ ಕೂಲೆಂಟ್, ಯಾವ ತಾರೀಖು, ಎಷ್ಟು ಕಿಲೋಮೀಟರಿಗೆ ಹಾಕಿಸಿದ್ದು ಎಂದು ಅದರಲ್ಲಿದೆ. ಯಾವ ಊರಿನ ಯಾವ ಮೇಸ್ತ್ರಿ ಬಾನೆಟ್ ಎತ್ತಿದರೂ ಊಹಿಸುವ ಅಗತ್ಯವಿಲ್ಲ. ನಿಮ್ಮ ಗಾಡಿಗೂ ಅಂಥದೊಂದು ಚೀಟಿ ಅಂಟಿಸಿ. ನಾಳೆ ಬೆಳಗ್ಗೆ ಚಾಲೂ ಮಾಡುವ ಮುಂಚೆ, ಎಂಜಿನ್ ತಣ್ಣಗಿರುವಾಗಲೇ, ಆ ಡಬ್ಬಿಯ ಗೆರೆಯನ್ನೊಮ್ಮೆ ನೋಡಿ.