ಬೇರಿಲ್ಲದ ಕಲ್ಲು

ಪುಣೆಯಲ್ಲಿ ವರ್ಷಗಟ್ಟಲೆ ಮಣ್ಣು ಪರೀಕ್ಷಿಸಿದ ನಮ್ಮಿಬ್ಬರಿಗೂ ನೆಲದೊಡನೆ ಒಂದು ಬಗೆಯ ಸಲುಗೆ ಬೆಳೆದುಬಿಟ್ಟಿತ್ತು. ದಖ್ಖನಿನ ನೆಲ ಮೋಸಮಾಡುವುದು ಕಡಿಮೆ: ಮೇಲೆ ಕರಿಮಣ್ಣು, ಅದರಡಿ ಮುರುಮು, ಆಮೇಲೆ ಕರಿಗಲ್ಲು. ನಡುವೆ ಕೆಂಪು ಪದರವೊಂದು ಸಿಕ್ಕಿ ಕಾಡುವುದುಂಟು, ಆ ಮಾತು ಬೇರೆ. ಒಮ್ಮೆ ಕಲ್ಲು ತಗುಲಿತೆಂದರೆ ತಳಪಾಯದ ಚಿಂತೆ ಬಹುಮಟ್ಟಿಗೆ ಮುಗಿದಂತೆಯೇ. ಈ ಸಲುಗೆಯನ್ನೇ ಹೊತ್ತುಕೊಂಡು, ಅಟಲ್ ಸುರಂಗ ಇನ್ನೂ ತೆರೆಯದಿದ್ದ ಕಾಲದ ಒಂದು ಜೂನ್ ತಿಂಗಳಲ್ಲಿ, 3,978 ಮೀಟರ್ ಎತ್ತರದ ರೋಹ್ತಾಂಗ್ ದಾಟಿ ಲಾಹೌಲ್‌ಗೆ ಇಳಿದೆವು. ಚಂದ್ರಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ ಶಾಲಾಮಕ್ಕಳಿಗೆ ಮೂರಂತಸ್ತಿನ ವಸತಿನಿಲಯ ಏಳಬೇಕಿತ್ತು. ನೆಲ ನೋಡಿ ವರದಿ ಕೊಡುವುದು ನಮ್ಮ ಪಾಲಿನ ಕೆಲಸ.

ಈ ಪರೀಕ್ಷೆಯಲ್ಲಿ ಗುಟ್ಟೇನೂ ಇಲ್ಲ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ, ಮೊದಲ 15 ಸೆಂಟಿಮೀಟರನ್ನು ಬಿಟ್ಟು, ಮುಂದಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಹೊಡೆತ ಬೇಕಾಯಿತೆಂದು ಎಣಿಸುವುದು. ಸರಳು ಇಳಿಯದೆ ಹಟಹಿಡಿದರೆ 'ರಿಫ್ಯೂಸಲ್' ಎಂದು ಬರೆಯುವುದು. ಮೊದಲ ಬೋರ್ ಐದು ಮೀಟರಿಗೆ ನಿಂತಿತು. ಎರಡನೆಯದೂ ಹೆಚ್ಚುಕಡಿಮೆ ಅಷ್ಟಕ್ಕೇ. ನಾವು ಪುಸ್ತಕದಲ್ಲಿ 'ಬಂಡೆ' ಎಂದು ಬರೆದು, ಅಂದು ಸಂಜೆಯೇ ಕಟ್ಟಿಸುವವರಿಗೆ ಫೋನಿನಲ್ಲಿ ಶುಭವಾರ್ತೆಯನ್ನೂ ಮುಟ್ಟಿಸಿದೆವು. ಹಾಗೆ ಮಾಡಬಾರದಿತ್ತು.

ಮರುದಿನ ರಿಗ್ ನಡೆಸುವ ಹಿರಿಯ ಬೀಡಿ ಹಚ್ಚುತ್ತ, "ಸಾಬ್, ಇದು ಬೇರಿಲ್ಲದ ಕಲ್ಲು," ಎಂದ. ನಾವು ನಕ್ಕೆವು. ಆದರೆ ಮೇಲೆ ಬಂದಿದ್ದ ಗೇಣುದ್ದದ ಕಲ್ಲಿನ ತುಂಡನ್ನು ಹಿಡಿದು ನೋಡಿದಾಗ, ಅದರ ಬಣ್ಣಕ್ಕೂ ಹಿಂದಿನ ಬೆಟ್ಟದ ಕಲ್ಲಿಗೂ ಹೊಂದಿಕೆಯಿರಲಿಲ್ಲ. ಹಿಮನದಿ ನಮ್ಮ ಹೊಳೆಗಳಂತಲ್ಲ. ಮರಳನ್ನೂ ಜಲ್ಲಿಯನ್ನೂ ಜರಡಿ ಹಿಡಿದು ಬೇರ್ಪಡಿಸುವ ನಾಜೂಕು ಅದಕ್ಕಿಲ್ಲ. ಹಿಟ್ಟಿನಷ್ಟು ನುಣ್ಣನೆಯ ಮಣ್ಣನ್ನೂ ಮನೆಯಷ್ಟು ದೊಡ್ಡ ಗುಂಡನ್ನೂ ಒಟ್ಟಿಗೇ ಹೊತ್ತು ತಂದು, ಕರಗುವಾಗ ಇದ್ದಲ್ಲೇ ಕೆಡವಿ ಹೋಗುತ್ತದೆ. ಅಂಥ ನೆಲದಲ್ಲಿ ಕಲ್ಲು ಸಿಕ್ಕರೆ ಇನ್ನೂ ಮೂರು ಮೀಟರಾದರೂ ಕೊರೆದು ನೋಡಬೇಕೆಂಬುದು ನಾವೇ ಕಿರಿಯರಿಗೆ ಹೇಳಿಕೊಡುತ್ತಿದ್ದ ಪಾಠ!

ಕೊರೆದೆವು. ಒಂದು ಮೀಟರ್ ದಾಟಿದೊಡನೆ ಬಿಟ್ ಧಡಕ್ಕನೆ ಇಳಿಯಿತು. ಮೇಲೆ ಮರಳುತ್ತಿದ್ದ ನೀರು ಮಾಯವಾಯಿತು. ಅದರಡಿ ಇದ್ದದ್ದು ಬೂದುಬಣ್ಣದ, ನೀರುಂಡ ಸಡಿಲ ಹೂಳು. ಎಂದೋ ಹಿಮಗಡ್ಡೆಯ ಅಂಚಿನಲ್ಲಿ ನಿಂತಿದ್ದ ಕೆರೆಯ ತಳವಿರಬೇಕು. ಹೊಡೆತದ ಎಣಿಕೆ ಆರಕ್ಕೆ ಕುಸಿಯಿತು. ಅದು ಭೂಕಂಪದ ಸೀಮೆ. ಇಂಥ ಹೂಳು ಅದುರಿದರೆ ಅಂಬಲಿಯಂತಾಗುವುದುಂಟು.

ಆ ರಾತ್ರಿ ಕೆನಡಾದ ಟ್ರಾನ್ಸ್‌ಕೋನಾ ನೆನಪಾಯಿತು. ವಿನಿಪೆಗ್ ಬಳಿಯ ಆ ಧಾನ್ಯದ ಉಗ್ರಾಣ ನಿಂತದ್ದೂ ಹಿಮಯುಗದ ಕೆರೆಯೊಂದರ ಜೇಡಿಯ ಮೇಲೆ. ಕಟ್ಟುವವರು ಮೇಲ್ಪದರಕ್ಕಷ್ಟೇ ಭಾರ ಹೇರಿ ಪರೀಕ್ಷಿಸಿ ತೃಪ್ತರಾಗಿದ್ದರು. ಮೆತ್ತನೆಯ ಜೇಡಿ ಅದರ ಕೆಳಗಿತ್ತು. 1913ರ ಅಕ್ಟೋಬರ್ 18ರಂದು, ಗೋಧಿ ತುಂಬುತ್ತಿದ್ದಂತೆಯೇ, 65 ಕಣಜಗಳ ಆ ಕಟ್ಟಡ ಇಳಿಯತೊಡಗಿ, ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿತು. ಕಟ್ಟಡ ಮುರಿಯಲಿಲ್ಲ, ಕೆಳಗೆ ಆಸರೆ ಕೊಟ್ಟು ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಿದರು. ಅಲ್ಲಿ ತುಂಬಿದ್ದದ್ದು ಗೋಧಿ. ಇಲ್ಲಿ ಮಲಗುವವರು ಮಕ್ಕಳು.

ಕಟ್ಟಿಸುವವರು ಸಿಟ್ಟಾದರು. "ಬಂಡೆ ಸಿಕ್ಕಿತೆಂದು ನೀವೇ ಹೇಳಿದಿರಲ್ಲ? ಅಷ್ಟರವರೆಗಿನ ವರದಿಯನ್ನೇ ಕೊಡಿ, ಸಾಕು," ಎಂದರು. ಲಾಹೌಲ್‌ನಲ್ಲಿ ಕಟ್ಟುವ ಕಾಲವೇ ಬೇಸಗೆಯ ನಾಲ್ಕು ತಿಂಗಳು. ಅವರ ಆತುರ ಸುಳ್ಳಲ್ಲ. ನಾವೂ ಒಂದಿಡೀ ದಿನ ಸುಮ್ಮನಿದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಕೊನೆಗೆ ಹೂಳಿನ ಸಂಗತಿಯನ್ನೂ ನಮ್ಮ ತಪ್ಪನ್ನೂ ಬರೆದುಕೊಟ್ಟು, ನದಿಯಿಂದ ದೂರ ಸರಿದು ಮತ್ತೆ ಮೂರು ಬೋರ್ ಹಾಕಿದೆವು. ಅಲ್ಲಿ ಹೂಳು ಇರಲಿಲ್ಲ. ಕಟ್ಟಡ ಒಂದು ವರ್ಷ ತಡವಾಯಿತು. ಮಕ್ಕಳು ಇನ್ನೊಂದು ಚಳಿಗಾಲವನ್ನು ಬಾಡಿಗೆ ಕೋಣೆಗಳಲ್ಲೇ ಕಳೆದರು.

ಆ ಕ್ಷೇತ್ರಪುಸ್ತಕ ನಮ್ಮ ಪುಣೆಯ ಕಚೇರಿಯಲ್ಲಿದೆ. 'ಬಂಡೆ' ಎಂಬುದಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಗುಂಡು' ಎಂದು ತಿದ್ದಿದ್ದೇವೆ. ಆ ಹಿರಿಯನ ಮಾತನ್ನು ಬರೆಯಲು ಅದರಲ್ಲಿ ಕಾಲಮ್ಮಿರಲಿಲ್ಲ.